ಎಸ್‌ಜಿಪಿಟಿ ಇಳಿದಿದೆ, ಆದರೆ ಪ್ಲೇಟ್‌ಲೆಟ್ ನೋಡಿದೆಯಾ?

ಗಂಗಾವತಿ

ಪ್ರಿಯ ಗೆಳೆಯಾ,

ನೀನು ಕಳಿಸಿದ ಎರಡೂ ರಿಪೋರ್ಟ್ ಪ್ರಿಂಟ್ ತೆಗೆದು ಪಕ್ಕಪಕ್ಕ ಇಟ್ಟುಕೊಂಡಿದ್ದೇನೆ. ಮೂರು ವರ್ಷದ ಹಿಂದೆ ಲಿವರ್ ಪರೀಕ್ಷೆಯ ಎಸ್‌ಜಿಪಿಟಿ 96 ಇತ್ತು, ಈಗ 74. 'ಫ್ಯಾಟಿ ಲಿವರ್ ಅರ್ಧ ವಾಸಿಯಾದ ಹಾಗೇ ಅಲ್ವಾ?' ಅಂತ ಕೇಳಿದ್ದೀಯ. ಹ್ಞೂಂ ಅಂದುಬಿಟ್ಟರೆ ನಿನಗೂ ಸಮಾಧಾನ, ನನಗೂ ಕೆಲಸ ಕಡಿಮೆ. ಆದರೆ ಆ ಎರಡು ಹಾಳೆಯಲ್ಲಿ ನೀನು ನೋಡದ ಒಂದು ಅಂಕಿ ಇದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ನೀನು ಒಪ್ಪಿದ್ದರಿಂದ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ, ಹೆಸರು ಮಾತ್ರ ಹಾಕಿಲ್ಲ. ನಮ್ಮ ಕಡೆ ಇಂಥ ರಿಪೋರ್ಟ್ ಹಿಡಿದು ಓಡಾಡುವವರು ನೀನೊಬ್ಬನೇ ಅಲ್ಲ.

ಮೊದಲು ಎಸ್‌ಜಿಪಿಟಿ ವಿಷಯ. ಅದು, ಅದರ ಜೊತೆಗಿನ ಎಸ್‌ಜಿಒಟಿ, ಎರಡೂ ಲಿವರಿನ ಜೀವಕೋಶದ ಒಳಗಿರುವ ಕಿಣ್ವಗಳು. ಕೋಶಕ್ಕೆ ಪೆಟ್ಟು ಬಿದ್ದರೆ ರಕ್ತಕ್ಕೆ ಸೋರುತ್ತವೆ. ಅಂದರೆ ಸದ್ಯಕ್ಕೆ ಎಷ್ಟು ಪೆಟ್ಟು ಬೀಳುತ್ತಿದೆ ಅನ್ನೋದು ಅದರಲ್ಲಿ ಗೊತ್ತಾಗುತ್ತದೆ. ಇಷ್ಟು ವರ್ಷ ಬಿದ್ದ ಪೆಟ್ಟಿನಿಂದ ಎಷ್ಟು ಕಲೆಗಟ್ಟಿದೆ ಅನ್ನೋದು ಗೊತ್ತಾಗಲ್ಲ. ಈ ಕಲೆಗಟ್ಟೋದಕ್ಕೇ ಫೈಬ್ರೋಸಿಸ್ ಅನ್ನೋದು. ಮುಂದೆ ಏನಾಗುತ್ತದೆ ಅನ್ನೋದು ಬಹುಪಾಲು ಅದರ ಮೇಲೆ ನಿಂತಿದೆ. ಸಿರೋಸಿಸ್ ಆಗಿ, ಅಂದರೆ ಲಿವರೆಲ್ಲ ಕಲೆಗಟ್ಟಿ, ಹೊಟ್ಟೆಯಲ್ಲಿ ನೀರು ತುಂಬಿದವರ ಎಸ್‌ಜಿಪಿಟಿ ಕೂಡ ನಾರ್ಮಲ್ ಬಂದದ್ದನ್ನು ನಮ್ಮ ಲ್ಯಾಬಿನ ಮೆಷಿನ್ನಿನಲ್ಲೇ ನೋಡಿದ್ದೇನೆ. ಸೋರುವುದಕ್ಕೆ ಒಳ್ಳೆಯ ಕೋಶ ಉಳಿದಿರಬೇಕಲ್ಲ!

ಈಗ ಪ್ಲೇಟ್‌ಲೆಟ್ ನೋಡು, ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣಗಳು ಅವು. ಮೂರು ವರ್ಷದ ಹಿಂದೆ 2.38 ಲಕ್ಷ, ಈಗ 1.62 ಲಕ್ಷ. ನಾರ್ಮಲ್ ಅಂದರೆ 1.5ರಿಂದ 4.5 ಲಕ್ಷ. ಹಾಗಾಗಿ ಅದರ ಮುಂದೆ ಕೆಂಪು ಗುರುತು ಬಿದ್ದಿಲ್ಲ, ನೀನೂ ನೋಡಿಲ್ಲ. ಕರುಳಿನಿಂದ ಬರುವ ರಕ್ತವೆಲ್ಲ ಲಿವರ್ ದಾಟಿಯೇ ಹೃದಯಕ್ಕೆ ಹೋಗಬೇಕು. ಲಿವರ್ ಗಟ್ಟಿಯಾಗುತ್ತಾ ಬಂದರೆ ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ತೂಬಿಗೆ ಕಸ ಕಟ್ಟಿಕೊಂಡ ಹಾಗೆ ರಕ್ತ ಹಿಂದಕ್ಕೆ ನಿಲ್ಲುತ್ತದೆ. ಹೊಟ್ಟೆಯ ಎಡಗಡೆಯ ಗುಲ್ಮ (ಸ್ಪ್ಲೀನ್) ಊದಿಕೊಳ್ಳುತ್ತದೆ, ಪ್ಲೇಟ್‌ಲೆಟ್‌ಗಳನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ಸಾಲದ್ದಕ್ಕೆ, ಪ್ಲೇಟ್‌ಲೆಟ್ ತಯಾರಿಸು ಅಂತ ಮೂಳೆಯ ಮಜ್ಜೆಗೆ ಹೇಳುವ ಹಾರ್ಮೋನ್ ಬರೋದೂ ಹೆಚ್ಚಾಗಿ ಲಿವರಿನಿಂದಲೇ. ಡೆಂಗ್ಯೂ ಬಂದಾಗ ಮಾತ್ರ ನಾವು ಪ್ಲೇಟ್‌ಲೆಟ್ ಎಣಿಸುತ್ತೇವೆ. ಲಿವರಿನ ಸುದ್ದಿಯೂ ಅದರಲ್ಲೇ ಇರುತ್ತದೆ ಅಂತ ಯಾರಿಗೂ ಹೊಳೆಯಲ್ಲ.

ಇದನ್ನೆಲ್ಲ ಸೇರಿಸಿ ಫೈಬ್ರೋಸಿಸ್ ಎಷ್ಟಿರಬಹುದು ಅಂತ ಅಂದಾಜು ಮಾಡುವ ಒಂದು ಲೆಕ್ಕವಿದೆ, ಫಿಬ್-4 ಅಂತ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸು. ಪ್ಲೇಟ್‌ಲೆಟ್ ಸಂಖ್ಯೆಯನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸು. ಮೊದಲಿನದನ್ನು ಎರಡನೆಯದರಿಂದ ಭಾಗಿಸು. ಅಷ್ಟೇ. 49ನೇ ವಯಸ್ಸಿನಲ್ಲಿ ನಿನ್ನ ಎಸ್‌ಜಿಒಟಿ 61 ಇತ್ತು. ಲೆಕ್ಕ ಹಾಕಿದರೆ 1.28. ಈಗ 52, ಎಸ್‌ಜಿಒಟಿ 58. ಫಿಬ್-4 ಬರೋದು 2.16. ನೀನು ಇಳಿಯಿತು ಅಂತ ಸಿಹಿ ಹಂಚಿದ ಹೊತ್ತಿನಲ್ಲಿ ಇದು ಏರಿದೆ, ಮಾರಾಯ.

ನೀನೇ ಫೋನಿನಲ್ಲಿ ಲೆಕ್ಕ ಹಾಕಲು ಹೋಗಿ ಗಾಬರಿಯಾಗಬೇಡ. ನಮ್ಮ ರಿಪೋರ್ಟಿನಲ್ಲಿ ಪ್ಲೇಟ್‌ಲೆಟ್ ಲಕ್ಷದಲ್ಲಿ ಇರುತ್ತದೆ, ಆ ಲೆಕ್ಕಕ್ಕೆ ಸಾವಿರದಲ್ಲಿ ಬೇಕು. 1.62 ಲಕ್ಷಕ್ಕೆ 162 ಅಂತ ಒತ್ತಬೇಕು. 1.62 ಅಂತಲೇ ಒತ್ತಿದರೆ ಉತ್ತರ 216 ಬರುತ್ತದೆ! ಹಾಗೆ ಬಂದದ್ದನ್ನು ನೋಡಿ ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡಿದವರಿದ್ದಾರೆ.

ಇನ್ನು 2.16 ಅಂದರೇನು? ಫ್ಯಾಟಿ ಲಿವರ್ ಇರುವವರಲ್ಲಿ 1.3ಕ್ಕಿಂತ ಕಡಿಮೆ ಇದ್ದರೆ ಹೆಚ್ಚು ಫೈಬ್ರೋಸಿಸ್ ಇರುವ ಸಂಭವ ತೀರಾ ಕಡಿಮೆ. 2.67 ದಾಟಿದರೆ ಲಿವರ್ ತಜ್ಞರನ್ನು ನೋಡಲೇಬೇಕು. ನೀನು ನಡುವೆ ಇದ್ದೀಯ. ಆ ಜಾಗದಲ್ಲಿ ಇದು ತೀರ್ಪು ಹೇಳಲ್ಲ, ಮುಂದಿನ ಪರೀಕ್ಷೆ ಮಾಡಿಸು ಅನ್ನುತ್ತದೆ ಅಷ್ಟೇ. ನನ್ನ ಪ್ರಕಾರ ಫಿಬ್-4ರ ನಿಜವಾದ ಬೆಲೆ ಇರೋದು ಯಾರು ಚಿಂತೆ ಮಾಡಬೇಕಿಲ್ಲ ಅಂತ ಹೇಳೋದರಲ್ಲಿ. 65 ದಾಟಿದವರಿಗೆ ವಯಸ್ಸೇ ಅಂಕಿಯನ್ನು ಎತ್ತಿಬಿಡುತ್ತದೆ, ಅವರಿಗೆ ಕೆಳಗಿನ ಗೆರೆ 1.3 ಅಲ್ಲ, 2. 35ರ ಒಳಗಿನವರಿಗೆ ಇದನ್ನು ನಂಬೋದೇ ಕಷ್ಟ. ಅಸಲಿಗೆ 2006ರಲ್ಲಿ ಈ ಲೆಕ್ಕ ಹುಟ್ಟಿದ್ದು ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಎರಡೂ ಇದ್ದವರಿಗಾಗಿ. ಫ್ಯಾಟಿ ಲಿವರಿಗೆ ಆಮೇಲೆ ಬಂತು. ಒಂದು ಸಲದ ಅಂಕಿಗಿಂತ ಅದು ಯಾವ ಕಡೆ ಹೊರಟಿದೆ ಅನ್ನೋದು ಮುಖ್ಯ. ಸ್ವೀಡನ್ನಿನಲ್ಲಿ ಒಂದೇ ವ್ಯಕ್ತಿಯ ಲೆಕ್ಕವನ್ನು ಕೆಲವು ವರ್ಷಗಳ ಅಂತರದಲ್ಲಿ ಎರಡು ಸಲ ಹಾಕಿ ನೋಡಿದ್ದರು. ಏರಿದವರಲ್ಲೇ ಮುಂದೆ ಗಂಭೀರ ಲಿವರ್ ಕಾಯಿಲೆ ಜಾಸ್ತಿ ಕಂಡಿತು.

ಇದನ್ನು ಓದಿ ಇವತ್ತೇ ಹಾಸಿಗೆ ಹಿಡಿಯಬೇಡ. ಮೊದಲು ಆ ಪ್ಲೇಟ್‌ಲೆಟ್ ನಿಜವೋ ಅಂತ ನೋಡಬೇಕು. ಇತ್ತೀಚೆಗೆ ಜ್ವರ ಬಂದಿತ್ತಾ? ವೈರಲ್ ಜ್ವರದಲ್ಲೂ ಇಳಿಯುತ್ತದೆ. ಇನ್ನೊಂದು, ಸಿಬಿಸಿಗೆ, ಅಂದರೆ ರಕ್ತಕಣ ಎಣಿಸುವ ಪರೀಕ್ಷೆಗೆ, ರಕ್ತ ತೆಗೆಯುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಕೆಲವರ ಪ್ಲೇಟ್‌ಲೆಟ್ ಒಂದಕ್ಕೊಂದು ಅಂಟಿಕೊಂಡು ಗುಂಪಾಗುತ್ತವೆ. ಮೆಷಿನ್ ಗುಂಪನ್ನು ಎಣಿಸಲ್ಲ, ಕಡಿಮೆ ಅಂತ ಬರೆದುಬಿಡುತ್ತದೆ. ಗಾಜಿನ ಮೇಲೆ ರಕ್ತ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ನಾನೇ ನೋಡುತ್ತೇನೆ, ಬಾ.

ಲಿವರ್ ತಯಾರಿಸುವ ಪ್ರೋಟೀನ್ ಆಲ್ಬುಮಿನ್ 4.1, ಅದು ಹೊರಹಾಕುವ ಹಳದಿ ಬಣ್ಣದ ಬಿಲಿರುಬಿನ್ 0.9, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತು ಹೇಳುವ ಐಎನ್‌ಆರ್ 1.0. ಈ ಮೂರೂ ನಿನಗೆ ಒಳ್ಳೆಯ ಸುದ್ದಿ. ಲಿವರ್ ತನ್ನ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಹೇಳೋದು ಇವೇ. ನಿಮ್ಮ ಅಂಗಡಿ ಪಕ್ಕದವರಿಗೆ ಹಾಕಿದ ಮೆಲ್ಡ್ ಸ್ಕೋರ್ ನಿನಗೂ ಹಾಕಿ ಹೇಳು ಅಂದಿದ್ದೀಯಲ್ಲ, ಅದು ಬೇಡ. ಬಿಲಿರುಬಿನ್, ಐಎನ್‌ಆರ್, ಕಿಡ್ನಿಯ ಕ್ರಿಯಾಟಿನಿನ್ ಸೇರಿಸಿ 6ರಿಂದ 40ರ ತನಕ ಬರುವ ಲೆಕ್ಕ ಅದು. ಲಿವರ್ ಈಗಾಗಲೇ ಸೋತವರಿಗೆ ಮುಂದಿನ ಮೂರು ತಿಂಗಳು ಹೇಗಿರಬಹುದು ಅಂತ ಅಂದಾಜು ಮಾಡಲು ಇರೋದು. ಅಮೆರಿಕದಲ್ಲಿ 2002ರಿಂದ ಲಿವರ್ ಕಸಿಗೆ ಯಾರು ಮೊದಲು ಅಂತ ಅದರ ಮೇಲೆ, ಆಮೇಲೆ ಅದನ್ನೇ ತಿದ್ದಿದ ಲೆಕ್ಕದ ಮೇಲೆ ನಿರ್ಧರಿಸುತ್ತಾ ಬಂದಿದ್ದಾರೆ. ನಿನ್ನಂಥವನಿಗೆ ಹಾಕಿದರೆ 6 ಅಂತ ಬರುತ್ತದೆ, ನೀನು ಮತ್ತೆ ಸಿಹಿ ಹಂಚುತ್ತೀಯ.

ನಿನಗೆ ಈಗ ಬೇಕಿರೋದು ಫೈಬ್ರೋಸ್ಕ್ಯಾನ್. ಸೂಜಿ ಇಲ್ಲ, ನೋವಿಲ್ಲ. ಪಕ್ಕೆಲುಬಿನ ಮೇಲೆ ತಟ್ಟಿದ ಹಾಗಾಗುತ್ತದೆ, ಲಿವರ್ ಎಷ್ಟು ಗಟ್ಟಿ ಇದೆ ಅಂತ ಅಳೆಯುತ್ತದೆ. ಆ ಗಟ್ಟಿತನದ ಅಳತೆ 8 ಕಿಲೋಪಾಸ್ಕಲ್ ಒಳಗೆ ಬಂದರೆ ನಿರಾಳ. ಹೋಗುವ ಮುಂಚೆ ಮೂರು ಗಂಟೆ ಏನೂ ತಿನ್ನಬೇಡ. ಒಗ್ಗರಣೆ-ಮಿರ್ಚಿ ತಿಂದು ಬಸ್ ಹತ್ತಿದರೆ ಅಂಕಿ ಸುಮ್ನೆ ಏರುತ್ತದೆ. ಹೆಪಟೈಟಿಸ್ ಬಿ, ಸಿ ಎರಡರ ಪರೀಕ್ಷೆಯನ್ನೂ ಒಮ್ಮೆ ಮಾಡಿಸಿಬಿಡು. ಇದ್ದದ್ದೇ ಆದರೆ 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಔಷಧಿ ಉಚಿತ. ವಾರಕ್ಕೊಮ್ಮೆ ಮಾತ್ರ ಅನ್ನುತ್ತೀಯಲ್ಲ, ಆ ಕುಡಿತವನ್ನೂ ಬಿಡು. ಕೊರೋನಾ ಕಾಲದಲ್ಲಿ ಶುರು ಮಾಡಿದ ಅಮೃತಬಳ್ಳಿ ಕಷಾಯವನ್ನೂ ನಿಲ್ಲಿಸು. ಅದರಿಂದ ಲಿವರ್ ಕೆಟ್ಟವರ ವಿವರವನ್ನು ಮುಂಬೈ ವೈದ್ಯರು 2021ರಲ್ಲಿ ಪ್ರಕಟಿಸಿದ್ದಾರೆ. ತೂಕ 88 ಅಂದೆ. ಏಳೆಂಟು ಕಿಲೋ ಇಳಿಸಿದರೆ ಯಾವ ಟಾನಿಕ್ಕಿಗಿಂತಲೂ ಮೇಲು. ಶುಗರ್ ಹತೋಟಿಯಲ್ಲಿಡು, ಫ್ಯಾಟಿ ಲಿವರಿನವರಿಗೆ ಲಿವರಿಗಿಂತ ಹೃದಯವೇ ಜಾಸ್ತಿ ಕೈಕೊಡುತ್ತದೆ.

ನಾನು ಲ್ಯಾಬಿನವನು, ಡಾಕ್ಟರ್ ಅಲ್ಲ. ಈ ಲೆಕ್ಕವನ್ನು ಅವರ ಮುಂದಿಟ್ಟು 'ಸ್ಕ್ಯಾನ್ ಬೇಕಾ ಸಾರ್?' ಅಂತ ಕೇಳು. ಬಳ್ಳಾರಿಯಲ್ಲೋ ಹುಬ್ಬಳ್ಳಿಯಲ್ಲೋ ಎಲ್ಲಿ ಬೇಗ ಆಗುತ್ತದೆ ಅಂತ ನಾನು ವಿಚಾರಿಸುತ್ತೇನೆ. ಹೋಗುವಾಗ ಹಳೆಯ ರಿಪೋರ್ಟನ್ನೂ ತೆಗೆದುಕೊಂಡು ಹೋಗು, ಹೊಸದೊಂದನ್ನೇ ಅಲ್ಲ. ಸಿಂಧನೂರಿನಿಂದ ಯಾವ ಬಸ್ಸಿಗೆ ಬರುತ್ತೀಯ ತಿಳಿಸು, ಅವತ್ತು ಬೆಳಿಗ್ಗೆ ಲ್ಯಾಬ್ ಬೇಗ ತೆಗೆಯುತ್ತೇನೆ.

ನಿನ್ನ ಗೆಳೆಯ