ಕೆಲಸದ ಪತ್ರಕ್ಕೆ 18 ಲಕ್ಷ ಯಾಕೆ ಕೊಡಬೇಕು?

ಸಂಪಾದಕರಿಗೆ ನಮಸ್ಕಾರ.

ನಾನು ಕೆನಡಾದ ನೋವಾ ಸ್ಕೋಷಿಯಾದಲ್ಲಿದ್ದೇನೆ. ಟ್ರೂರೊ ಹತ್ತಿರದ ಒಂದು ಚಿಕ್ಕ ಊರಿನಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಕೇಂದ್ರದಲ್ಲಿ ಕೆಲಸ. ನೈಟ್ ಡ್ಯೂಟಿ ಮುಗಿಸಿ ಬಂದು ನಿದ್ದೆ ಹತ್ತುವ ತನಕ ಮೊಬೈಲಿನಲ್ಲಿ ನಿಮ್ಮ ಪತ್ರಿಕೆ ಓದುವುದು ಅಭ್ಯಾಸ. ಪತ್ರ ಬರೆಯುತ್ತಿರುವುದು ಇದೇ ಮೊದಲು. ಸಿಟ್ಟು ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ತಿಂಗಳು ನನ್ನ ತಂಗಿಯ ಗೆಳತಿ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದಳು. ಅವಳೂ ನನ್ನ ಹಾಗೆ ನರ್ಸು. ಫೋಟೊದಲ್ಲಿದ್ದದ್ದು ನಿಮ್ಮದೇ ಪತ್ರಿಕೆಯ ಒಂದು ಸಣ್ಣ ಜಾಹೀರಾತು. ಕೆನಡಾ ಅಟ್ಲಾಂಟಿಕ್ ಪಿಆರ್, ಕೆಲಸ ಗ್ಯಾರಂಟಿ, ಕೆಳಗೊಂದು ಮೊಬೈಲ್ ನಂಬರು, ಅಷ್ಟೇ. ಪಿಆರ್ ಅಂದರೆ ಕೆನಡಾದಲ್ಲಿ ಕಾಯಂ ಆಗಿ ಇರುವ ಪರವಾನಗಿ. ಅವಳು ಫೋನ್ ಮಾಡಿದ್ದಾಳೆ. ಅವರು ಖರ್ಚಿನ ಹಾಳೆ ಕಳಿಸಿದ್ದಾರೆ. ಒಟ್ಟು 18 ಲಕ್ಷ. "ಅಕ್ಕಾ, ಇದು ಸರಿ ಇದೆಯಾ? ಅಪ್ಪ ಸೈಟು ಮಾರೋಕೆ ಹೊರಟಿದ್ದಾರೆ" ಅಂತ ಕೇಳಿದಳು.

ಆ ಹಾಳೆಯನ್ನೇ ಸ್ವಲ್ಪ ನೋಡೋಣ. ಅದರಲ್ಲಿ ಮೊದಲನೆಯದು ಎಲ್‌ಎಂಐಎ ಚಾರ್ಜು, 6 ಲಕ್ಷ. ಎಲ್‌ಎಂಐಎ ಅಂದರೆ ಈ ಕೆಲಸಕ್ಕೆ ಕೆನಡಾದವರು ಸಿಗುತ್ತಿಲ್ಲ ಎಂದು ಮಾಲೀಕರು ಅಲ್ಲಿನ ಕೇಂದ್ರ ಸರ್ಕಾರಕ್ಕೆ ತೋರಿಸಿ ಪಡೆಯುವ ಒಪ್ಪಿಗೆ. ಅದಕ್ಕೆ 1,000 ಕೆನಡಾ ಡಾಲರ್ ಶುಲ್ಕ ಇದೆ, ಅದನ್ನು ಮಾಲೀಕರೇ ಕಟ್ಟಬೇಕು, ಕೆಲಸಗಾರರಿಂದ ವಸೂಲಿ ಮಾಡುವ ಹಾಗಿಲ್ಲ. ಅದೂ ಇರಲಿ. ತಮಾಷೆ ಏನೆಂದರೆ ಜಾಹೀರಾತಿನವರು ಹೇಳುವ ಆ ವಲಸೆ ಯೋಜನೆಗೆ, ಅಂದರೆ ಅಟ್ಲಾಂಟಿಕ್ ಇಮಿಗ್ರೇಷನ್ ಪ್ರೋಗ್ರಾಂಗೆ, ಎಲ್‌ಎಂಐಎ ಬೇಕಾಗಿಯೇ ಇಲ್ಲ! ಇಲ್ಲದ ಕಾಗದಕ್ಕೆ 6 ಲಕ್ಷ. ಎರಡನೆಯದು ಎಂಪ್ಲಾಯರ್ ಫೀ, 7 ಲಕ್ಷ. ಕೆಲಸ ಕೊಡಿಸಿದ್ದಕ್ಕೆ ಕೆಲಸಗಾರರಿಂದ ದುಡ್ಡು ತೆಗೆದುಕೊಳ್ಳುವುದು ನೋವಾ ಸ್ಕೋಷಿಯಾದ ಕಾರ್ಮಿಕ ಕಾನೂನಿನ ಪ್ರಕಾರ ಅಪರಾಧ. ಮೂರನೆಯದು ಸೆಟ್ಲ್‌ಮೆಂಟ್ ಪ್ಲ್ಯಾನ್, 50 ಸಾವಿರ. ಇದನ್ನು ಓದಿ ನನಗೆ ನಗು ಬಂತು. ಅದು ಪೂರ್ತಿ ಉಚಿತ. ನಾನು ಇಲ್ಲಿಗೆ ಬರುವ ಮೊದಲೇ ಐಸಾನ್ಸ್ ಎಂಬ ಸಂಸ್ಥೆಯವರು ವಿಡಿಯೊ ಕಾಲ್‌ನಲ್ಲಿ ಒಂದು ಗಂಟೆ ಮಾತಾಡಿ ಮಾಡಿಕೊಟ್ಟರು. ಶಾಲೆ, ಬಸ್ಸು, ಡಾಕ್ಟರು, ಚಳಿಗೆ ಎಂಥ ಬೂಟು ಬೇಕು ಎಂಬುದೆಲ್ಲ ಅದರಲ್ಲಿತ್ತು. ಒಂದು ಪೈಸೆ ಕೇಳಲಿಲ್ಲ. ಹಾಳೆಯಲ್ಲಿ ಉಳಿದ ನಾಲ್ಕೂವರೆ ಲಕ್ಷ ಫೈಲ್ ಪ್ರೊಸೆಸಿಂಗ್. ಯಾವ ಫೈಲು, ಯಾರ ಪ್ರೊಸೆಸಿಂಗ್, ದೇವರಿಗೇ ಗೊತ್ತು.

ಈಗ ನಾನು ಕಟ್ಟಿದ ಲೆಕ್ಕ ಹೇಳುತ್ತೇನೆ. 2023ರಲ್ಲಿ ಪಿಆರ್ ಅರ್ಜಿಗೆ ಒಬ್ಬರಿಗೆ 1,365 ಡಾಲರ್. ಬೆರಳಚ್ಚಿಗೆ 85. 2024ರ ಏಪ್ರಿಲ್ ಕೊನೆಯಲ್ಲಿ ಆ 1,365 ಹೋಗಿ 1,525 ಆಯಿತು. ಇದರ ಜೊತೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ, ಮಾರ್ಕ್ಸ್‌ಕಾರ್ಡುಗಳ ಮೌಲ್ಯಮಾಪನ, ಮೆಡಿಕಲ್ ಪರೀಕ್ಷೆ, ವರ್ಕ್ ಪರ್ಮಿಟ್, ವಿಮಾನದ ಟಿಕೆಟ್ಟು. ಖರ್ಚೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಎಲ್ಲಕ್ಕೂ ನನ್ನ ಹೆಸರಿನಲ್ಲಿ ರಸೀದಿ ಇದೆ.

ಈ ದಾರಿ ಹೇಗೆ ಅಂದರೆ, ಅಟ್ಲಾಂಟಿಕ್ ಪ್ರೋಗ್ರಾಂ 2017ರಲ್ಲಿ ಪ್ರಾಯೋಗಿಕವಾಗಿ ಶುರುವಾಗಿ 2022ರ ಜನವರಿಯಿಂದ ಕಾಯಂ ಆಯಿತು. ನೋವಾ ಸ್ಕೋಷಿಯಾ, ನ್ಯೂ ಬ್ರನ್ಸ್‌ವಿಕ್, ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್, ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್, ಈ ನಾಲ್ಕು ಪ್ರಾಂತ್ಯಗಳಿಗೆ ಮಾತ್ರ. ಇಲ್ಲಿ ವಯಸ್ಸಾದವರು ಜಾಸ್ತಿ, ಹುಡುಗರು ಓದು ಮುಗಿಸಿ ಟೊರೊಂಟೊ ಕಡೆ ಹೋಗಿಬಿಡುತ್ತಾರೆ. ಇಡೀ ನೋವಾ ಸ್ಕೋಷಿಯಾದ ಜನಸಂಖ್ಯೆ 10 ಲಕ್ಷ ಮುಟ್ಟಿದ್ದೇ 2021ರ ಡಿಸೆಂಬರಿನಲ್ಲಿ. ಅದಕ್ಕೇ ಹೊರಗಿನವರು ಬೇಕು. ಕೆಲಸ ಕೊಡುವವರು ಮೊದಲು ಪ್ರಾಂತ್ಯ ಸರ್ಕಾರದಿಂದ ಒಪ್ಪಿಗೆ ಪಡೆದಿರಬೇಕು, ಕನಿಷ್ಠ 2 ವರ್ಷದಿಂದ ವ್ಯವಹಾರ ನಡೆಸುತ್ತಿರಬೇಕು. ಹಾಗೆ ಒಪ್ಪಿಗೆ ಪಡೆದವರ ಪಟ್ಟಿಯನ್ನು ಪ್ರಾಂತ್ಯವೇ ವೆಬ್‌ಸೈಟಿನಲ್ಲಿ ಹಾಕಿರುತ್ತದೆ. ಯಾರು ಬೇಕಾದರೂ ನೋಡಬಹುದು. ನಾನು ಆ ಪಟ್ಟಿ ಇಟ್ಟುಕೊಂಡೇ ಒಂದೊಂದು ಕಡೆಗೂ ಬರೆದೆ. ನಲವತ್ತಕ್ಕೂ ಜಾಸ್ತಿ ಇಮೇಲ್ ಹೋಗಿರಬೇಕು. ಹೆಚ್ಚಿನವರು ಉತ್ತರವನ್ನೇ ಕೊಡಲಿಲ್ಲ. ಮೂರು ಕಡೆಯಿಂದ ಇಂಟರ್‌ವ್ಯೂ ಬಂತು, ಒಂದು ಕಡೆ ಕೆಲಸ ಸಿಕ್ಕಿತು.

ಆಮೇಲೆ ಕಾಗದದ ಕಾಟ. ಅನುಭವ 1,560 ಗಂಟೆ ಇರಬೇಕು, ಅಂದರೆ ವಾರಕ್ಕೆ 30 ಗಂಟೆಯ ಲೆಕ್ಕದಲ್ಲಿ ಒಂದು ವರ್ಷ. ನನಗೆ ಹತ್ತು ವರ್ಷ ಇತ್ತು, ಹಾಗಾಗಿ ಇದು ಸುಲಭ ಅಂದುಕೊಂಡಿದ್ದೆ. ಎಲ್ಲಿ? ನಾನು ಮೊದಲಿದ್ದ ಆಸ್ಪತ್ರೆ ಕೊಟ್ಟದ್ದು ಎರಡು ಸಾಲಿನ ಸರ್ಟಿಫಿಕೇಟು. ಇಂಥವರು ಇಂಥ ದಿನದಿಂದ ಇಂಥ ದಿನದವರೆಗೆ ಕೆಲಸ ಮಾಡಿದ್ದಾರೆ, ನಡತೆ ಚೆನ್ನಾಗಿದೆ. ಇಲ್ಲಿಯವರಿಗೆ ನಡತೆ ಬೇಡ. ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು, ದಿನಾ ಏನೇನು ಕೆಲಸ ಅಂತ ಬೇಕು. ಅದನ್ನು ಬರೆಸಿಕೊಳ್ಳಲು ಆಫೀಸಿಗೆ ನಾಲ್ಕು ಸಲ ಅಲೆದೆ. "ಇಷ್ಟೆಲ್ಲಾ ಯಾರೂ ಕೇಳಲ್ಲಮ್ಮ, ನೀನೇನು ಸುಮ್ನೆ ಹೊಸದಾಗಿ ಶುರು ಮಾಡಿದೀಯ" ಅಂದರು ಅಲ್ಲಿದ್ದವರು. ಕೊನೆಗೆ ನಾನೇ ಟೈಪ್ ಮಾಡಿ ತೆಗೆದುಕೊಂಡು ಹೋದೆ, ಅವರು ಓದಿ ನೋಡಿ ಲೆಟರ್‌ಹೆಡ್ಡಿಗೆ ಹಾಕಿ ಸೀಲು ಒತ್ತಿಕೊಟ್ಟರು.

ಇಂಗ್ಲಿಷಿನದು ಅಷ್ಟು ಭಯ ಪಡುವಂಥದ್ದಲ್ಲ. ನನ್ನ ಥರದ ಕೆಲಸಕ್ಕೆ ಐಇಎಲ್‌ಟಿಎಸ್ ಜನರಲ್‌ನಲ್ಲಿ ಓದುವುದಕ್ಕೆ 4, ಉಳಿದ ಮೂರಕ್ಕೂ 5 ಬಂದರೆ ಸಾಕು. ಆದರೆ ಆ ಫಲಿತಾಂಶಕ್ಕೆ ಎರಡೇ ವರ್ಷ ಆಯಸ್ಸು. ತುಂಬಾ ಮೊದಲೇ ಬರೆದಿಟ್ಟುಕೊಂಡರೆ ಅರ್ಜಿ ಹಾಕುವ ಹೊತ್ತಿಗೆ ಅವಧಿ ಮುಗಿದಿರುತ್ತದೆ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಏಜೆಂಟರು ಇದನ್ನು ಹೇಳುವುದಿಲ್ಲ. ನಾನು ಇಲ್ಲಿ ನರ್ಸ್ ಅಲ್ಲ. ನರ್ಸ್ ಆಗಿ ದುಡಿದ ಅನುಭವ ತೋರಿಸಿ ಸಹಾಯಕಿಯ ಕೆಲಸಕ್ಕೆ ಬರಬಹುದು ಎಂದು ಈ ಯೋಜನೆಯಲ್ಲೇ ಒಂದು ಅವಕಾಶ ಇದೆ, ನಾನು ಬಂದದ್ದು ಹಾಗೆ. ಐಸಿಯುನಲ್ಲಿ ವೆಂಟಿಲೇಟರ್ ನೋಡಿಕೊಳ್ಳುತ್ತಿದ್ದವಳು ಇಲ್ಲಿ ಅಜ್ಜಿಯರಿಗೆ ಸ್ನಾನ ಮಾಡಿಸುತ್ತೇನೆ, ಡೈಪರ್ ಬದಲಿಸುತ್ತೇನೆ, ಊಟ ತಿನ್ನಿಸುತ್ತೇನೆ. ಮೊದಲ ತಿಂಗಳು ಬಾತ್‌ರೂಮಿಗೆ ಹೋಗಿ ಅತ್ತಿದ್ದೂ ಉಂಟು. ಈಗ ಎನ್‌ಕ್ಲೆಕ್ಸ್ ಎಂಬ ನರ್ಸಿಂಗ್ ಪರೀಕ್ಷೆಗೆ ಓದುತ್ತಿದ್ದೇನೆ. 2023ರಿಂದ ಭಾರತವೂ ಸೇರಿ ಏಳು ದೇಶಗಳ ನರ್ಸುಗಳಿಗೆ ನೋವಾ ಸ್ಕೋಷಿಯಾ ನೋಂದಣಿಯನ್ನು ಸುಲಭ ಮಾಡಿದೆ, ಆ ಪರೀಕ್ಷೆ ಪಾಸಾಗಬೇಕು ಅಷ್ಟೇ. ಅಷ್ಟೇ ಅಂದೆ, ಆದರೆ ನೈಟ್ ಡ್ಯೂಟಿ ಮಾಡಿಕೊಂಡು ಓದುವುದು ಎಷ್ಟು ಕಷ್ಟ ಅಂತ ಓದುವವರಿಗೇ ಗೊತ್ತು.

ವರ್ಕ್ ಪರ್ಮಿಟ್ ಮೇಲೆ 2023ರ ಸೆಪ್ಟೆಂಬರಿನಲ್ಲಿ ಬಂದೆ. ಪಿಆರ್ ಬಂದದ್ದು 2024ರ ನವೆಂಬರಿನಲ್ಲಿ. ನಡುವಿನ ಆ ಒಂದು ವರ್ಷದ ಮೇಲಿನ ಕಾಲ ಇದೆಯಲ್ಲ, ಅದರ ಬಗ್ಗೆ ಯಾವ ಜಾಹೀರಾತಿನಲ್ಲೂ ಇರುವುದಿಲ್ಲ. ವರ್ಕ್ ಪರ್ಮಿಟ್‌ನಲ್ಲಿ ಒಬ್ಬರೇ ಮಾಲೀಕರ ಹೆಸರು. ಪ್ರಾಂತ್ಯ ಕೊಟ್ಟ ಎಂಡಾರ್ಸ್‌ಮೆಂಟೂ, ಅಂದರೆ ಅನುಮೋದನೆ ಪತ್ರವೂ, ಅದೇ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಕೆಲಸ ಹೋಯಿತೋ, ಪಿಆರ್ ಅರ್ಜಿಯ ಬುಡವೇ ಅಲುಗಾಡುತ್ತದೆ. ನಮ್ಮ ಕೇಂದ್ರದವರು ಒಳ್ಳೆಯವರು, ನನಗೆ ತೊಂದರೆ ಆಗಲಿಲ್ಲ. ಆದರೂ ಜ್ವರ ಬಂದ ದಿನ ರಜೆ ಕೇಳಲು ಹೆದರುತ್ತಿದ್ದೆ. ಯಾರಾದರೂ ಶಿಫ್ಟ್ ಬದಲಿಸಿಕೊಳ್ಳಿ ಅಂದರೆ ಬಾಯಿಗೆ ಬರುತ್ತಿದ್ದದ್ದು ಒಂದೇ, "ಆಗಲಿ".

ಎಲ್ಲರಿಗೂ ಒಳ್ಳೆಯವರೇ ಸಿಗುತ್ತಾರಾ? ನನಗೆ ಪರಿಚಯದ ಒಬ್ಬ ಹುಡುಗ ಇಲ್ಲೇ ಬೇರೊಂದು ಊರಿನ ಹೋಟೆಲಿನಲ್ಲಿ ಅಡುಗೆಯವನು. ವಾರಕ್ಕೆ 60 ಗಂಟೆ ದುಡಿಸಿ 40 ಗಂಟೆಗೆ ಸಂಬಳ ಕೊಡುತ್ತಿದ್ದರು. ಕೇಳಿದರೆ "ನಿನ್ನ ಪಿಆರ್ ನನ್ನ ಕೈಯಲ್ಲಿದೆ" ಅನ್ನುತ್ತಿದ್ದರಂತೆ. ಇಂಥವರಿಗಾಗಿ 2019ರಿಂದ ಒಂದು ಬೇರೆ ಪರ್ಮಿಟ್ ಇದೆ, ದೌರ್ಜನ್ಯ ಆಗುತ್ತಿದೆ ಎಂದು ತೋರಿಸಿದರೆ ಬೇರೆ ಯಾರ ಹತ್ತಿರ ಬೇಕಾದರೂ ಕೆಲಸ ಮಾಡುವ ಪರ್ಮಿಟ್ ಕೊಡುತ್ತಾರೆ. ಅವನಿಗೆ ಅದು ಸಿಕ್ಕಿತು. ಕೆಲಸವೇನೋ ಬಿಟ್ಟ. ಆದರೆ ಪಿಆರ್‌ಗೆ ಮತ್ತೆ ಮೊದಲಿಂದ, ಹೊಸ ಮಾಲೀಕರು, ಹೊಸ ಎಂಡಾರ್ಸ್‌ಮೆಂಟು. ತಪ್ಪು ಮಾಡಿದ್ದು ಅವರು, ಎರಡು ವರ್ಷ ಹಾಳಾದದ್ದು ಇವನದು. ಯೋಜನೆ ಒಳ್ಳೆಯದೇ, ನನಗೆ ಅನ್ನ ಕೊಟ್ಟಿದೆ. ಆದರೆ ಈ ಗಂಟು ಮಾತ್ರ ಸರಿ ಇಲ್ಲ. ಕೆಲಸಗಾರರು ಅದೇ ಪ್ರಾಂತ್ಯದಲ್ಲಿ, ಅದೇ ಕೆಲಸಕ್ಕೆ, ಒಪ್ಪಿಗೆ ಪಡೆದ ಇನ್ನೊಬ್ಬರ ಹತ್ತಿರ ಹೋದರೆ ಅರ್ಜಿಯೂ ಅವರ ಜೊತೆಗೇ ಹೋಗಬೇಕು ಅಲ್ವಾ?

ನನ್ನ ಪಿಆರ್ ಬಂದ ಕಥೆ ಹೇಳಿದರೆ ನಗುತ್ತೀರಿ. ಇಲ್ಲಿ ಅದಕ್ಕೆ ಪಿ1, ಪಿ2 ಅಂತಾರೆ. ಮೊದಲು ಒಂದು ಇಮೇಲ್, ನೀವು ಕೆನಡಾದಲ್ಲೇ ಇದ್ದೀರಾ ಅಂತ. ಆಮೇಲೆ ಇನ್ನೊಂದು, ಫೋಟೊ ಹಾಕಿ ಅಂತ. ನಾನು ಬಟ್ಟೆ ಒಗೆಯುವ ಕೋಣೆಯಲ್ಲಿ ಬಿಳಿ ಬೆಡ್‌ಶೀಟ್ ಕಟ್ಟಿ ಸಹೋದ್ಯೋಗಿ ಕೈಲಿ ಫೋಟೊ ತೆಗೆಸಿದೆ. ಕಿವಿಯ ಹಿಂದೆ ನೆರಳು ಬಿದ್ದಿದೆ ಎಂದು ವಾಪಸ್ಸು ಬಂತು. ಮತ್ತೆ ತೆಗೆದು ಹಾಕಿದೆ. ಮೂರು ವಾರ ಆದಮೇಲೆ, ಬೆಳಗಿನ ಜಾವ 4 ಗಂಟೆಗೆ, ಊಟದ ಕೋಣೆಯಲ್ಲಿ ಚಹಾ ಬಿಸಿಗಿಟ್ಟು ಸುಮ್ನೆ ಪೋರ್ಟಲ್ ತೆರೆದು ನೋಡಿದರೆ ಒಂದು ಪಿಡಿಎಫ್. ಇ-ಸಿಒಪಿಆರ್. ಪಿಆರ್ ಆಯಿತು ಅನ್ನುವ ಕಾಗದ. ಗಂಡನಿಗೆ ಫೋನ್ ಮಾಡಬೇಕು ಅನ್ನುವಷ್ಟರಲ್ಲಿ ಕಾರಿಡಾರಿನ ಕರೆಗಂಟೆ ಹೊಡೆಯಿತು. ಬಾತ್‌ರೂಮಿಗೆ ಹೋಗಬೇಕಂತೆ ಒಬ್ಬ ಅಜ್ಜಿಗೆ. ಹೋದೆ. ಕೈ ಹಿಡಿದುಕೊಂಡು ನಡೆಸುವಾಗ ಅವರಿಗೇ ಮೊದಲು ಹೇಳಿದೆ. ಅವರಿಗೆ ಪಿಆರ್ ಅಂದರೆ ಏನು ಅಂತ ಅರ್ಥ ಆಗಲಿಲ್ಲ. "ಹಾಗಾದರೆ ನಾಳೆಯೂ ನೀನೇ ಬರ್ತೀಯಾ?" ಅಂದರು.

ಪಿಆರ್ ಬಂದ ಮರುದಿನವೇ ಟೊರೊಂಟೊಗೆ ಗಂಟುಮೂಟೆ ಕಟ್ಟುವವರೂ ಇದ್ದಾರೆ. ಅರ್ಜಿ ಹಾಕುವಾಗ ಇಲ್ಲೇ ಇರುವ ಮನಸ್ಸು ನಿಜವಾಗಿ ಇರಬೇಕು. ಪಿಆರ್ ಆದಮೇಲೆ ಯಾವ ಪ್ರಾಂತ್ಯಕ್ಕೆ ಬೇಕಾದರೂ ಹೋಗುವ ಹಕ್ಕು ಸಂವಿಧಾನದಲ್ಲೇ ಇದೆ, ಯಾರೂ ತಡೆಯುವ ಹಾಗಿಲ್ಲ. ಅವರನ್ನು ನಾನು ಬಯ್ಯಲ್ಲ. ಆದರೆ ಮೊದಲಿಂದಲೇ ಹೋಗುವ ಪ್ಲ್ಯಾನ್ ಇಟ್ಟುಕೊಂಡು ಬಂದವರನ್ನು ಕಂಡರೆ ಸ್ವಲ್ಪ ಕೋಪ ಬರುತ್ತದೆ. ಮುಂದಿನ ಸಲ ನಮ್ಮ ಕಡೆಯವರ ಅರ್ಜಿ ಬಂದಾಗ ಮ್ಯಾನೇಜರ್ ಮುಖ ಹೇಗಾಗುತ್ತದೆ ಅಂತ ನೋಡುವವಳು ನಾನು ತಾನೇ.

ಏಜೆಂಟರ ಕಾಟ ಈಗ ಇನ್ನೂ ಜಾಸ್ತಿ ಆಗುತ್ತದೆ ಅಂತ ನನ್ನ ಅನುಮಾನ. ಅಂಕಗಳ ಲೆಕ್ಕದಲ್ಲಿ ಪಿಆರ್‌ಗೆ ಕರೆಯುವ ಇನ್ನೊಂದು ದಾರಿ ಎಕ್ಸ್‌ಪ್ರೆಸ್ ಎಂಟ್ರಿ. 2025ರ ಮಾರ್ಚಿನಿಂದ ಅದರಲ್ಲಿ ಕೆಲಸದ ಪತ್ರಕ್ಕೆ ಕೊಡುತ್ತಿದ್ದ ಅಂಕಗಳನ್ನು ತೆಗೆದುಹಾಕಿದ್ದಾರೆ, ಅದೂ ಎಲ್‌ಎಂಐಎ ಮಾರಾಟದ ದಂಧೆ ತಡೆಯಲಿಕ್ಕೇ. ಒಟ್ಟು ಪಿಆರ್ ಸಂಖ್ಯೆಯನ್ನೂ ಇಳಿಸಿದ್ದಾರೆ. 2025ಕ್ಕೆ 5 ಲಕ್ಷ ಅಂತ ಇದ್ದದ್ದು 3,95,000ಕ್ಕೆ ಬಂತು. ಅಲ್ಲಿ ಬಾಗಿಲು ಮುಚ್ಚಿದ ಏಜೆಂಟರು ಈ ಅಟ್ಲಾಂಟಿಕ್ ದಾರಿಯಲ್ಲಿ ಅಂಗಡಿ ತೆರೆಯುತ್ತಾರೆ. ಗ್ಯಾರಂಟಿ ಅನ್ನುವ ಮಾತನ್ನು ಇವತ್ತು ಯಾವ ಮಾಲೀಕರೂ ಹೇಳಲಾರರು, ಪ್ರಾಂತ್ಯವೂ ಹೇಳಲಾರದು.

ಆ ಹುಡುಗಿಗೆ ಪಟ್ಟಿಯ ಲಿಂಕ್ ಕಳಿಸಿದ್ದೇನೆ. ಸೈಟು ಸದ್ಯಕ್ಕೆ ಉಳಿದಿದೆ.

ನಿಮ್ಮಲ್ಲಿ ನನ್ನ ಕೋರಿಕೆ ಒಂದೇ. ದುಡ್ಡು ತೆಗೆದುಕೊಂಡು ಕೆನಡಾ ವಲಸೆಯ ಸಲಹೆ ಕೊಡುವವರು ಅಲ್ಲಿನ ವಕೀಲರಾಗಿರಬೇಕು, ಇಲ್ಲವೇ ಪರವಾನಗಿ ಇರುವ ಕನ್ಸಲ್ಟೆಂಟ್ ಆಗಿರಬೇಕು. ಭಾರತದಲ್ಲಿ ಕೂತು ಮಾಡಿದರೂ ಇದೇ ನಿಯಮ. ಕನ್ಸಲ್ಟೆಂಟ್ ಆದರೆ ಆರ್ ಅಕ್ಷರ, ಮುಂದೆ ಆರು ಅಂಕಿ ಇರುವ ನಂಬರು ಇರುತ್ತದೆ. ಅವರಿಗೆ ಪರವಾನಗಿ ಕೊಡುವ ಸಂಸ್ಥೆಗೆ ಕಾಲೇಜು ಅಂತಾರೆ, ಅದರ ವೆಬ್‌ಸೈಟಿನಲ್ಲಿ ಆ ನಂಬರು ಹಾಕಿದರೆ ಹೆಸರು ಬರುತ್ತದೆ, ಎರಡು ನಿಮಿಷದ ಕೆಲಸ. ನಿಮ್ಮ ಜಾಹೀರಾತು ವಿಭಾಗದವರು ದುಡ್ಡು ತೆಗೆದುಕೊಳ್ಳುವ ಮುಂಚೆ ಆ ನಂಬರು ಕೇಳಲಿ, ಜಾಹೀರಾತಿನಲ್ಲೂ ಅದನ್ನು ಹಾಕಲಿ. ಕೊಡದವರದು ಹಾಕಬೇಡಿ.

ನನ್ನ ಹೆಸರು ಪ್ರಕಟಿಸಬೇಡಿ, ಊರು ಚಿಕ್ಕದು. ಪತ್ರಕ್ಕೆ ಜಾಗ ಸಿಕ್ಕರೆ ದಯವಿಟ್ಟು ಆ ಜಾಹೀರಾತು ಬರುವ ಪುಟದಲ್ಲೇ ಹಾಕಿ.

ಇಂತಿ,
ನೋವಾ ಸ್ಕೋಷಿಯಾದಿಂದ ನಿಮ್ಮ ಓದುಗಿ