ಪನಾಮಾ ಸಿಟಿ ಪ್ರವಾಸ: ಲಸಿಕೆಯ ಬಗ್ಗೆ ತಪ್ಪು ಮಾಹಿತಿ ನೀಡಿರುವ ಕುರಿತು ದೂರು

ದಾವಣಗೆರೆ
ದಿನಾಂಕ: 12-11-2025

ಗೆ,
ವ್ಯವಸ್ಥಾಪಕರು,
ವಿದೇಶ ಪ್ರವಾಸ ವಿಭಾಗ, ಬೆಂಗಳೂರು

ಮಾನ್ಯರೇ,

ವಿಷಯ: ಹಳದಿ ಜ್ವರದ ಲಸಿಕೆ ಕುರಿತ ತಪ್ಪು ಮಾಹಿತಿ ಹಾಗೂ ಪನಾಮಾ ಸಿಟಿ ಪ್ರವಾಸದ ಕ್ರಮವನ್ನು ಬದಲಿಸಿಕೊಡುವ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ಬರುವ ಜನವರಿಯಲ್ಲಿ ನಾನು ಮತ್ತು ನನ್ನ ಪತ್ನಿ ಮೊದಲು ಹ್ಯೂಸ್ಟನ್‌ನಲ್ಲಿರುವ ಮಗಳ ಮನೆಯಲ್ಲಿ ಕೆಲವು ವಾರ ಇದ್ದು, ಅಲ್ಲಿಂದ ಪನಾಮಾ ಸಿಟಿಗೆ ತೆರಳಿ, ನಗರವನ್ನೂ ಕಾಲುವೆಯನ್ನೂ ನೋಡಿಕೊಂಡು, ಯುರೋಪಿನ ಮಾರ್ಗವಾಗಿ ಬೆಂಗಳೂರಿಗೆ ಮರಳುವಂತೆ ತಮ್ಮ ಸಂಸ್ಥೆಯು ಟಿಕೆಟ್ ಮತ್ತು ಹೋಟೆಲ್ ಕಾಯ್ದಿರಿಸಿದೆ. ಪೂರ್ತಿ ಹಣ ಪಾವತಿಯಾಗಿದ್ದು, ರಸೀದಿಯ ಪ್ರತಿಯನ್ನು ಲಗತ್ತಿಸಿದ್ದೇನೆ.

ತಾವು ಕೊಟ್ಟ ಮುದ್ರಿತ ಸೂಚನಾ ಪಟ್ಟಿಯಲ್ಲಿ ‘ಲಸಿಕೆ: ಅಗತ್ಯವಿಲ್ಲ’ ಎಂದಿದೆ. ರಕ್ತದೊತ್ತಡದ ಮಾತ್ರೆಗಳಿಗೆ ಚೀಟಿ ಬರೆಸಲು ಹೋದಾಗ ನಮ್ಮ ವೈದ್ಯರು ಈ ಪಟ್ಟಿಯನ್ನು ನೋಡಿ, ಆ ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದು, ‘ಇದನ್ನು ಇನ್ನೊಮ್ಮೆ ವಿಚಾರಿಸಿ’ ಎಂದರು. ತಮ್ಮ ಕಚೇರಿಗೆ ದೂರವಾಣಿ ಮಾಡಿದಾಗ ಸಿಕ್ಕ ಉತ್ತರ: ‘ಸಿಟಿಗೆ ಮಾತ್ರ ಹೋಗ್ತಿದೀರಲ್ಲ ಸರ್, ಏನೂ ಬೇಕಾಗಲ್ಲ.’

ಪನಾಮಾ ಪ್ರವೇಶಿಸುವ ಮಟ್ಟಿಗೆ ಈ ಮಾತು ಸರಿಯೇ. ವಿಶ್ವ ಆರೋಗ್ಯ ಸಂಸ್ಥೆಯೂ ಅಲ್ಲಿನ ರಾಜಧಾನಿಗೆ ಹೋಗುವವರಿಗೆ ಈ ಲಸಿಕೆಯನ್ನು ಸೂಚಿಸಿಲ್ಲ. ಸೂಚಿಸಿರುವುದು ಕಾಲುವೆಯ ಪೂರ್ವಕ್ಕಿರುವ ಪ್ರದೇಶಗಳಿಗೆ. ಆದರೆ ನಾವು ಮರಳಿ ಬರಬೇಕಾಗಿರುವುದು ಭಾರತಕ್ಕೆ, ಮತ್ತು ಭಾರತ ಸರ್ಕಾರದ ಪಟ್ಟಿಯಲ್ಲಿ ಪನಾಮಾ ಇಡೀ ದೇಶವೇ ಹಳದಿ ಜ್ವರದ ದೇಶಗಳ ಸಾಲಿನಲ್ಲಿದೆ. ಅಲ್ಲಿಂದ ಹೊರಟು ಆರು ದಿನಗಳೊಳಗೆ ಇಲ್ಲಿ ಬಂದಿಳಿಯುವವರ ಬಳಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ಅವರನ್ನು ಆರು ದಿನಗಳವರೆಗೆ ಕ್ವಾರಂಟೈನ್‌ನಲ್ಲಿ ಇರಿಸಲು ಅವಕಾಶವಿದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಯೇ ಈ ರೋಗವನ್ನೂ ಹರಡಬಲ್ಲದು, ಮತ್ತು ಆ ಸೊಳ್ಳೆ ನಮ್ಮ ಊರೂರಲ್ಲೂ ಇದೆ. ಹೀಗಿರುವಾಗ ನಿಯಮ ಬಿಗಿಯಾಗಿರಲೇಬೇಕು. ನಿಯಮದ ಬಗ್ಗೆ ನನ್ನ ತಕರಾರಿಲ್ಲ. ವಿದೇಶ ಪ್ರವಾಸ ಏರ್ಪಡಿಸುವುದನ್ನೇ ವೃತ್ತಿಯಾಗಿಸಿಕೊಂಡ ಸಂಸ್ಥೆಯೊಂದು ಇಷ್ಟು ಮುಖ್ಯವಾದ ನಿಯಮವನ್ನು ತಿಳಿಸದೆ, ವಿಚಾರಿಸಿದಾಗಲೂ ಇಲ್ಲವೆಂದು ಹೇಳಿದ್ದು ನನ್ನ ದೂರು.

ಈಗ ತಮ್ಮ ಸಿಬ್ಬಂದಿ ‘ಲಸಿಕೆ ಹಾಕಿಸಿಕೊಳ್ಳಿ, ಇಲ್ಲವೇ ರದ್ದು ಮಾಡಿ, ರದ್ದತಿ ಶುಲ್ಕ ನಿಮ್ಮದೇ’ ಎನ್ನುತ್ತಿದ್ದಾರೆ. ನಮ್ಮಿಬ್ಬರಿಗೂ ಅರವತ್ತು ದಾಟಿದೆ. ಈ ವಯಸ್ಸಿನಲ್ಲಿ ಮೊದಲ ಬಾರಿಗೆ ಹಳದಿ ಜ್ವರದ ಲಸಿಕೆ ಪಡೆಯುವವರಲ್ಲಿ ತೀವ್ರ ಅಡ್ಡಪರಿಣಾಮದ ಅಪಾಯ ಹೆಚ್ಚು ಎಂಬ ಕಾರಣಕ್ಕೆ, ಅನಿವಾರ್ಯವಲ್ಲದಿದ್ದರೆ ಬೇಡವೆಂದು ವೈದ್ಯರು ಸಲಹೆ ಕೊಟ್ಟಿದ್ದಾರೆ. ಅನಿವಾರ್ಯತೆಯೂ ಇಲ್ಲ. ಪ್ರವಾಸದ ಕ್ರಮವನ್ನು ಹಿಂದುಮುಂದು ಮಾಡಿ, ಮೊದಲು ಪನಾಮಾ ಸಿಟಿಗೂ ನಂತರ ಹ್ಯೂಸ್ಟನ್‌ಗೂ ಕಳುಹಿಸಿದರೆ, ನಾವು ಬೆಂಗಳೂರಿಗೆ ಇಳಿಯುವ ಹೊತ್ತಿಗೆ ಆ ಆರು ದಿನಗಳು ಕಳೆದು ವಾರಗಳೇ ಆಗಿರುತ್ತವೆ. ಬುಕಿಂಗ್ ಮಾಡುವಾಗಲೇ ಈ ಒಂದು ಮಾತು ಹೇಳಿದ್ದರೆ ಯಾರಿಗೂ ಒಂದು ರೂಪಾಯಿಯ ನಷ್ಟವೂ ಆಗುತ್ತಿರಲಿಲ್ಲ.

ದಿನಚರಿಯಲ್ಲೂ ಲೋಪಗಳಿವೆ. ನಾನು ಭದ್ರಾ ಅಚ್ಚುಕಟ್ಟಿನ ನಾಲೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಪಂಪಿನ ನೆರವಿಲ್ಲದೆ, ಮೇಲಿನ ಕೆರೆಯ ನೀರು ತನ್ನ ಇಳಿಜಾರಿನಲ್ಲೇ ಹರಿದು ತುಂಬಿಕೊಂಡು, ಹಡಗುಗಳನ್ನು ಹಂತಹಂತವಾಗಿ 26 ಮೀಟರ್ ಎತ್ತರದ ಗಟುನ್ ಸರೋವರದ ಮಟ್ಟಕ್ಕೆ ಏರಿಸುವ, 1914ರಿಂದ ನಡೆದುಬಂದ ಪನಾಮಾ ಕಾಲುವೆಯ ಗೇಟುಗಳ ಕೆಲಸವನ್ನು ಕಣ್ಣಾರೆ ಕಾಣಬೇಕೆಂಬುದು ಸೇವೆಯಲ್ಲಿದ್ದಾಗಿನಿಂದ ನನಗಿರುವ ಆಸೆ. ಇದನ್ನು ತಮ್ಮ ಕಚೇರಿಯಲ್ಲಿ ಕುಳಿತು ಹೇಳಿದ್ದೇನೆ. ಆದರೂ ಆ ಗೇಟುಗಳನ್ನು ನೋಡುವ ಮಿರಾಫ್ಲೋರೆಸ್ ವೀಕ್ಷಣಾ ಕೇಂದ್ರದ ಭೇಟಿಯನ್ನು ಮಧ್ಯಾಹ್ನ 12ರಿಂದ 1 ಗಂಟೆಗೆ ಇಟ್ಟಿದ್ದೀರಿ. ಅಲ್ಲಿ ಸಾಮಾನ್ಯವಾಗಿ ಬೆಳಗಿನ ಹೊತ್ತು ಒಂದು ದಿಕ್ಕಿನ ಹಡಗುಗಳು, ಮಧ್ಯಾಹ್ನ ಇಳಿದ ಮೇಲೆ ಎದುರು ದಿಕ್ಕಿನವು ಸಾಗುತ್ತವೆ. ನಡುಹಗಲಿನಲ್ಲಿ ಹೋದರೆ ನಿಂತ ನೀರನ್ನು ನೋಡಿ ಬರಬೇಕಾದೀತು. 2016ರಲ್ಲಿ ತೆರೆದ ಹೊಸ ಗೇಟುಗಳು, ನೀರಿನ ಬಹುಪಾಲನ್ನು ಮರುಬಳಕೆಗೆ ಹಿಡಿದಿಡುವ ಪಕ್ಕದ ತೊಟ್ಟಿಗಳೊಂದಿಗೆ, ಅಟ್ಲಾಂಟಿಕ್ ಕಡೆಯ ಅಗ್ವಾ ಕ್ಲಾರಾದಲ್ಲಿ ಹತ್ತಿರದಿಂದ ಕಾಣಸಿಗುತ್ತವೆ. 2023ರ ಬರದಲ್ಲಿ ಗಟುನ್ ಸರೋವರ ಇಳಿದು ಹಡಗುಗಳ ಸಂಖ್ಯೆಯನ್ನೇ ಕಡಿತಗೊಳಿಸಬೇಕಾಗಿ ಬಂದ ಮೇಲೆ, ಕೊನೆಯ ಭಾಗದ ರೈತನಿಗೆ ನೀರು ಮುಟ್ಟಿಸಲು ಹೆಣಗಿದ ನನ್ನಂಥವರಿಗೆ ಆ ತೊಟ್ಟಿಗಳೇ ಮುಖ್ಯ. ತಮ್ಮ ದಿನಚರಿಯಲ್ಲಿ ಅಗ್ವಾ ಕ್ಲಾರಾದ ಹೆಸರೇ ಇಲ್ಲ.

‘ಹಳೆಯ ನಗರ, ಒಂದು ಗಂಟೆ’ ಎಂದು ಬರೆದಿರುವುದೂ ಸರಿಯಲ್ಲ. 1519ರಲ್ಲಿ ಸ್ಥಾಪನೆಯಾಗಿ 1671ರಲ್ಲಿ ಕಡಲ್ಗಳ್ಳ ಹೆನ್ರಿ ಮಾರ್ಗನ್‌ನ ದಾಳಿಯಲ್ಲಿ ನಾಶವಾದ ಪನಾಮಾ ವಿಯೆಹೋ ಬೇರೆ, 1673ರಲ್ಲಿ ಬೇರೊಂದು ಜಾಗದಲ್ಲಿ ಕಟ್ಟಿದ ಕಾಸ್ಕೊ ವಿಯೆಹೋ ಬೇರೆ. ಎರಡಕ್ಕೂ ಪ್ರತ್ಯೇಕ ಸಮಯ ಬೇಕು.

ಆದ್ದರಿಂದ, ಹೆಚ್ಚುವರಿ ಶುಲ್ಕವನ್ನು ತಮ್ಮ ಸಂಸ್ಥೆಯೇ ಭರಿಸಿ ಪ್ರವಾಸದ ಕ್ರಮವನ್ನು ಬದಲಿಸಿಕೊಡಬೇಕು. ಮಿರಾಫ್ಲೋರೆಸ್ ಭೇಟಿಯನ್ನು ಬೆಳಗಿನ ಹೊತ್ತಿಗೆ ತಂದು ಅಗ್ವಾ ಕ್ಲಾರಾವನ್ನು ಸೇರಿಸಬೇಕು. ಮುದ್ರಿತ ಪಟ್ಟಿಯಲ್ಲಿನ ಲಸಿಕೆಯ ಸಾಲನ್ನು ತಿದ್ದಿ, ಅದೇ ಪಟ್ಟಿಯನ್ನು ಪಡೆದಿರುವ ಇತರ ಪ್ರಯಾಣಿಕರಿಗೂ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಮೇ ತಿಂಗಳಿನಿಂದ ಅಲ್ಲಿ ಮಳೆಗಾಲವಾದ್ದರಿಂದ ಪ್ರವಾಸವನ್ನು ಅನಿರ್ದಿಷ್ಟವಾಗಿ ಮುಂದೂಡುವ ಸಲಹೆ ತಮ್ಮಿಂದ ಬಂದರೂ ಒಪ್ಪಲಾರೆ. ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದಲ್ಲಿ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕಾರ್ಯಪಾಲಕ ಎಂಜಿನಿಯರ್

ಲಗತ್ತು: ರಸೀದಿ, ಸೂಚನಾ ಪಟ್ಟಿ ಮತ್ತು ದಿನಚರಿಯ ಪ್ರತಿಗಳು