ಮಾತಾಡು, ಆದರೆ ಕತ್ತರಿ ಕೊಡಬೇಡ

ಪ್ರೀತಿಯ ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಓದಿದೆ. ಇಂಟರ್ನೆಟ್ ಆಡಳಿತದ, ಅಂದರೆ ಜಾಲ ಹೇಗೆ ನಡೆಯಬೇಕು ಅಂತ ಚರ್ಚಿಸುವ ಸಭೆಗೆ ಮೊದಲ ಸಲ ಹೋಗುತ್ತಿದ್ದೀಯ, ತುಂಬಾ ಖುಷಿಯಾಯಿತು. ಆದರೆ ನಿನ್ನ ತಂಡದ ಹಿರಿಯರು ಹೇಳಿದರಂತಲ್ಲ, "ಅಲ್ಲಿ ಸೆನ್ಸಾರ್ ವಿಷಯ ಎತ್ತಬೇಡ, ಅದು ರಾಜಕೀಯ, ನಮ್ಮದು ಬರೀ ತಾಂತ್ರಿಕ ಕೆಲಸ" ಅಂತ. ಆ ಮಾತು ನನ್ನನ್ನು ಎರಡು ದಿನ ಕಾಡಿತು. ಯಾಕೆಂದರೆ ಒಂದು ಕಾಲದಲ್ಲಿ ನಾನೂ ಅದನ್ನೇ ನಂಬಿದ್ದೆ.

ಆಗ ಒಂದು ಇಂಟರ್ನೆಟ್ ಸೇವಾ ಕಂಪನಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ. ಒಂದು ದಿನ ಯಾವುದೋ ಸೈಟ್ ಬ್ಲಾಕ್ ಮಾಡಿ ಅಂತ ಆದೇಶ ಬಂತು. ಕಾರಣ ಬರೆದಿರಲಿಲ್ಲ, ನಾನು ಕೇಳಲೂ ಇಲ್ಲ. ಆ ಸೈಟ್‌ನ ಐಪಿ ವಿಳಾಸವನ್ನೇ, ಅಂದರೆ ಜಾಲದಲ್ಲಿ ಅದಿರುವ ಯಂತ್ರದ ಸಂಖ್ಯೆಯನ್ನೇ ಬ್ಲಾಕ್ ಮಾಡಿ ಕೈ ತೊಳೆದುಕೊಂಡೆ. ಐದು ನಿಮಿಷದ ಕೆಲಸ. ಒಂದೇ ವಿಳಾಸದಲ್ಲಿ ಹತ್ತಾರು, ಕೆಲವೊಮ್ಮೆ ನೂರಾರು ಸೈಟ್‌ಗಳು ಇರುತ್ತವೆ ಅನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಯೋಚಿಸಲಿಲ್ಲ. ಮೂರನೇ ದಿನ ಒಬ್ಬ ತಾಯಿ ಫೋನ್ ಮಾಡಿದರು. ಅಪರೂಪದ ಕಾಯಿಲೆ ಇರುವ ಮಕ್ಕಳ ಪೋಷಕರು ಸೇರಿಕೊಂಡು ನಡೆಸುತ್ತಿದ್ದ ಸೈಟ್ ಕೂಡ ಅದೇ ವಿಳಾಸದಲ್ಲಿತ್ತು, ಅದೂ ನಿಂತುಹೋಗಿತ್ತು. "ನಾವೇನು ತಪ್ಪು ಬರೆದೆವು?" ಅಂತ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ತಾಂತ್ರಿಕ ಕೆಲಸ ಅಂತ ನಾವು ಕರೆಯುವುದು ಎಷ್ಟೋ ಸಲ ಯಾರದೋ ಬಾಯಿ ಮುಚ್ಚಿಸುವ ಕೆಲಸವೇ ಆಗಿರುತ್ತದೆ ಪುಟ್ಟಿ. 2008ರ ಫೆಬ್ರವರಿಯಲ್ಲಿ ಪಾಕಿಸ್ತಾನದಲ್ಲಿ ಯೂಟ್ಯೂಬ್ ನಿಲ್ಲಿಸಲು ಆದೇಶವಾಯಿತು. ಅಲ್ಲಿನ ದೂರಸಂಪರ್ಕ ಕಂಪನಿ ಯೂಟ್ಯೂಬ್‌ನ ದಾರಿ ತನ್ನ ಕಡೆಗಿದೆ ಅಂತ, ಜಾಲದಲ್ಲಿ ಮಾಹಿತಿಗೆ ದಾರಿ ತೋರಿಸುವ ರೂಟರ್‌ಗಳಿಗೆ ಸಾರಿತು. ಆ ಸುದ್ದಿ ದೇಶದ ಗಡಿ ದಾಟಿ ಹಬ್ಬಿತು. ಸುಮಾರು ಎರಡು ಗಂಟೆ ಹೊತ್ತು ಜಗತ್ತಿನ ಬಹಳಷ್ಟು ಕಡೆ ಯೂಟ್ಯೂಬ್ ಸಿಗಲೇ ಇಲ್ಲ. ಒಂದು ದೇಶದ ಸೆನ್ಸಾರ್ ಆದೇಶ ಇಡೀ ಜಾಲದ ತೊಂದರೆಯಾಯಿತು. ಇದನ್ನು ಇಂಟರ್ನೆಟ್ ಆಡಳಿತದ ಸಭೆಯಲ್ಲಿ ಮಾತಾಡದೆ ಇನ್ನೆಲ್ಲಿ ಮಾತಾಡಬೇಕು?

ಈ ಹಿಂಜರಿಕೆ ಹೊಸದೇನಲ್ಲ. ವಿಶ್ವಸಂಸ್ಥೆಯ ಇಂಟರ್ನೆಟ್ ಗವರ್ನೆನ್ಸ್ ಫೋರಂ ಹುಟ್ಟಿದ್ದು 2005ರಲ್ಲಿ ಟ್ಯುನೀಷಿಯಾದ ರಾಜಧಾನಿ ಟ್ಯುನಿಸ್‌ನಲ್ಲಿ ನಡೆದ ಶೃಂಗಸಭೆಯ ನಿರ್ಧಾರದಿಂದ. ಆಗ ಟ್ಯುನೀಷಿಯಾದಲ್ಲೇ ಸರ್ಕಾರವನ್ನು ಟೀಕಿಸುವ ಸೈಟ್‌ಗಳನ್ನು ಬ್ಲಾಕ್ ಮಾಡಿದ್ದರು. 2009ರಲ್ಲಿ ಈಜಿಪ್ಟ್‌ನ ಶರ್ಮ್ ಎಲ್ ಶೇಖ್‌ನಲ್ಲಿ ಅದೇ ಫೋರಂ ಸೇರಿದಾಗ, ಇಂಟರ್ನೆಟ್ ಸೆನ್ಸಾರ್ ಬಗ್ಗೆ ಬಂದ ಒಂದು ಪುಸ್ತಕದ ಪೋಸ್ಟರ್ ಅನ್ನು ವಿಶ್ವಸಂಸ್ಥೆಯ ಭದ್ರತಾ ಸಿಬ್ಬಂದಿಯೇ ತೆಗೆಸಿದರು. ಚೀನಾ ಸರ್ಕಾರ ಸೈಟ್‌ಗಳನ್ನು ತಡೆಯುವ 'ಮಹಾ ಫೈರ್‌ವಾಲ್' ವ್ಯವಸ್ಥೆಯ ಬಗ್ಗೆ ಅದರಲ್ಲಿ ಒಂದು ಸಾಲು ಇತ್ತು. ಮಾತಾಡುವುದಕ್ಕೇ ಕಟ್ಟಿದ ಸಭೆಯಲ್ಲಿ ಹೀಗಾಯಿತು. ಅದನ್ನು ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ.

ಹಾಗಂತ ನೀನು ಇನ್ನೊಂದು ತುದಿಗೂ ಹೋಗಬೇಡ. ನಿನ್ನ ಪತ್ರದಲ್ಲಿ "ಇಂಟರ್ನೆಟ್ ನೋಡಿಕೊಳ್ಳುವ ಸಂಸ್ಥೆಗಳೇ ಕೆಟ್ಟ ಸೈಟ್‌ಗಳನ್ನು ತೆಗೆದುಹಾಕಲಿ" ಅಂತ ಬರೆದಿದ್ದೀಯಲ್ಲ, ಅದು ಓದಿ ಸ್ವಲ್ಪ ಗಾಬರಿಯಾಯಿತು. ಡೊಮೈನ್ ಹೆಸರುಗಳ, ಅಂದರೆ ಸೈಟ್‌ಗಳನ್ನು ಹುಡುಕಲು ಬಳಸುವ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ವಿಷಯವನ್ನೇ ನೋಡು. ಸೈಟ್‌ಗಳ ಒಳಗೆ ಏನಿದೆ ಅನ್ನುವುದನ್ನು ತಾನು ನಿಯಂತ್ರಿಸುವುದಿಲ್ಲ ಅಂತ ಅದರ ನಿಯಮಾವಳಿಯಲ್ಲೇ ಇದೆ. 2022ರಲ್ಲಿ ಯುದ್ಧ ಶುರುವಾದಾಗ ರಷ್ಯಾದ ಡೊಮೈನ್‌ಗಳನ್ನು ರದ್ದುಮಾಡಿ ಅಂತ ಉಕ್ರೇನ್ ಕೇಳಿತು. ಐಕ್ಯಾನ್ ಒಪ್ಪಲಿಲ್ಲ. ಆ ನೋವಿನಲ್ಲಿ ಕೇಳಿದವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಆ ನಿರ್ಧಾರ ಸರಿ ಅಂತಲೇ ನನ್ನ ಅಭಿಪ್ರಾಯ. ಒಮ್ಮೆ ಕತ್ತರಿ ಕೈಗೆ ಕೊಟ್ಟರೆ ನಾಳೆ ಬೇರೆಯವರು ಬೇರೆ ಕಾರಣ ಹೇಳಿಕೊಂಡು ಬರುತ್ತಾರೆ. ಸರ್ಕಾರಗಳೇ ಬರುತ್ತವೆ, ಜೋರಾಗಿ ಕೇಳುವವರೇ ಬರುತ್ತಾರೆ. ಯುದ್ಧದ ಬಗ್ಗೆ ನಿಜ ಸುದ್ದಿ ಹುಡುಕುವ ರಷ್ಯಾದ ಜನಸಾಮಾನ್ಯರಿಗೂ ಆಗ ದಾರಿ ಇನ್ನಷ್ಟು ಕಷ್ಟವಾಗುತ್ತಿತ್ತು, ಅಲ್ವಾ?

ಹಾಗಾದರೆ ಮಾತಾಡಿ ಏನು ಪ್ರಯೋಜನ ಅಂತ ನಿನ್ನ ಹಿರಿಯರು ಕೇಳಬಹುದು. ಆಗ 451ರ ವಿಷಯ ಹೇಳು. ಪುಟ ಸಿಗದಿದ್ದರೆ 404 ಅಂತ ಬರುವುದು ಎಲ್ಲರಿಗೂ ಗೊತ್ತು. ಬ್ಲಾಕ್ ಮಾಡಿದ ಪುಟಕ್ಕೂ ಮೊದಲು ಹಾಗೆ ಸುಮ್ನೆ 'ಸಿಗಲಿಲ್ಲ' ಅಂತ ತೋರಿಸಿಬಿಡಬಹುದಿತ್ತು. ಇಂಟರ್ನೆಟ್‌ನ ಮಾನದಂಡ ಬರೆಯುವ ಐಇಟಿಎಫ್‌ನ ಎಂಜಿನಿಯರ್‌ಗಳು ಈ ಬಗ್ಗೆ ಚರ್ಚೆ ಮಾಡಿ, 2016ರಲ್ಲಿ 451 ಅನ್ನುವ ಬೇರೆ ಸಂಖ್ಯೆಯನ್ನೇ ತಂದರು. ಕಾನೂನಿನ ಕಾರಣಕ್ಕೆ ಈ ಪುಟ ಕೊಡುತ್ತಿಲ್ಲ ಅಂತ ಅದರ ಅರ್ಥ. ಯಾವ ಪುಟ ಇರಬೇಕು, ಯಾವುದು ಬೇಡ ಅಂತ ಅವರು ತೀರ್ಪು ಕೊಡಲಿಲ್ಲ. ತಡೆದಿದ್ದಾರೆ ಅನ್ನುವುದು ಓದುಗನಿಗೆ ಗೊತ್ತಾಗಲು ಒಂದು ದಾರಿ ಮಾಡಿದರು, ಅಷ್ಟೇ. ಇದನ್ನು ಬಳಸಲೇಬೇಕು ಅಂತ ಒತ್ತಾಯವಿಲ್ಲ, ಬಳಸದವರೂ ಇದ್ದಾರೆ. ಆದರೂ ನನಗೆ ಇದು ತುಂಬಾ ದೊಡ್ಡದು. ಅಂದು ಆ ತಾಯಿಗೆ ಇಷ್ಟಾದರೂ ಹೇಳಲು ಸಾಧ್ಯವಾಗಿದ್ದರೆ ಅವರು ಎಲ್ಲಿ ಹೋಗಿ ಕೇಳಬೇಕು ಅನ್ನುವುದಾದರೂ ತಿಳಿಯುತ್ತಿತ್ತು.

ಯಾವ ಮಾತಿಗೂ ತಡೆಯೇ ಇರಬಾರದು ಅಂತ ನಾನು ಹೇಳುತ್ತಿಲ್ಲ. ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳಿಗೆ, ಕೊಲೆ ಬೆದರಿಕೆಗೆ ಯಾವ ರಕ್ಷಣೆಯೂ ಬೇಡ. ಬೈಗುಳಕ್ಕೆ ಹೆದರಿ ಬರೆಯುವುದನ್ನೇ ಬಿಟ್ಟ ಹೆಣ್ಣುಮಕ್ಕಳ ಸ್ವಾತಂತ್ರ್ಯವೂ ಸ್ವಾತಂತ್ರ್ಯವೇ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದದ 19ನೇ ವಿಧಿ ಇದಕ್ಕೆ ಒಂದು ಅಳತೆಗೋಲು ಕೊಟ್ಟಿದೆ. ನಿರ್ಬಂಧ ಕಾನೂನಿನಲ್ಲಿ ಬರೆದಿರಬೇಕು, ಒಪ್ಪಂದ ಹೇಳಿದ ಉದ್ದೇಶಕ್ಕೇ ಇರಬೇಕು, ನಿಜಕ್ಕೂ ಅಗತ್ಯವಿರಬೇಕು. ಆ ತೂಕ ನೋಡುವುದು ನ್ಯಾಯಾಲಯದ ಕೆಲಸ, ಕೇಬಲ್ ಮತ್ತು ಹೆಸರುಗಳನ್ನು ಕಾಯುವವರದ್ದಲ್ಲ.

ಸಭೆಯಲ್ಲಿ ಸ್ವಾತಂತ್ರ್ಯದ ಬಗ್ಗೆ ಉದ್ದ ಭಾಷಣ ಮಾಡಬೇಡ. ಪ್ರತಿ ಪ್ರಸ್ತಾಪ ಬಂದಾಗಲೂ ಮೂರು ಪ್ರಶ್ನೆ ಕೇಳು. ಇದರಿಂದ ಯಾರ ಮಾತು ನಿಲ್ಲುತ್ತದೆ? ನಿಂತದ್ದು ಅವರಿಗೆ ಗೊತ್ತಾಗುತ್ತದೆಯೇ? ಮೇಲ್ಮನವಿ ಎಲ್ಲಿಗೆ? ಯಾರಾದರೂ "ಇದು ಇಲ್ಲಿಯ ವಿಷಯವಲ್ಲ" ಅಂದರೆ ಜಗಳವಾಡಬೇಡ, ಮತ್ತೊಮ್ಮೆ ಕೇಳು. ಕೇಳಿದ್ದು ನಡಾವಳಿಯಲ್ಲಿ ದಾಖಲಾಯಿತೇ ಅಂತ ಸಂಜೆ ನೋಡು.

ನೀನು ಬರೆದಿಟ್ಟ ಟಿಪ್ಪಣಿಯನ್ನು ಹೊರಡುವ ಮುಂಚೆ ನನಗೆ ಕಳಿಸು. ರೂಟಿಂಗ್ ಭಾಗದಲ್ಲಿ ತಪ್ಪಿದ್ದರೆ ಹೇಳುತ್ತೇನೆ. ಉಳಿದದ್ದು ನಿನ್ನ ಮಾತು, ಅದನ್ನು ನಾನು ಮುಟ್ಟುವುದಿಲ್ಲ.

ಇಂತಿ ನಿನ್ನ
ದೊಡ್ಡಪ್ಪ